ತಾತ ರಾಜನಾಗಿ ನಿಂತ ಕೊನೆಯ ಬೆಳಗು

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ವೇಷದ ಬಣ್ಣದ ವಾಸನೆ ಒಮ್ಮೆ ಮೂಗಿಗೆ ಬಡಿದಿದ್ದರೆ ನೀವು ಅದನ್ನು ಮರೆತಿರಲಾರಿರಿ. ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು, ಬೆವರು ಬೆರೆತ ಮೇಲೆ ಸ್ವಲ್ಪ ಉಪ್ಪು. ಮೊನ್ನೆ ಮೈಸೂರಿನಲ್ಲಿ ಮೊಮ್ಮಗಳ ಶಾಲೆಯ ನಾಟಕ ಮುಗಿದಿತ್ತು. ಅವಳ ಕೆನ್ನೆಯ ಬಣ್ಣ ಒರೆಸಲು ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದೆ, ಅಷ್ಟೆ. ತಮಿಳು ಸೀಮೆಯಲ್ಲಿ ಅವಿನಾಶಿಯ ಹತ್ತಿರದ ನಮ್ಮ ಹೊಲದ ಮನೆ, ಅದರ ಜಗಲಿ, ಜಗಲಿಯ ಮೇಲೆ ಕನ್ನಡಿ ಹಿಡಿದು ಮೀಸೆ ಬರೆದುಕೊಳ್ಳುತ್ತಿದ್ದ ತಾತ, ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಈಗ ಇಲ್ಲದ ಅಂಥ ಮನೆಯೊಂದು ನಿಮಗೂ ಇದ್ದೇ ಇರುತ್ತದೆ.

ಕರಿಮಣ್ಣಿನ ಹೊಲ, ಹತ್ತಿ ಮತ್ತು ಜೋಳ. ನಡುವೆ ಎತ್ತುಗಳು ನೀರೆತ್ತುವ ಕಪಿಲೆ ಬಾವಿ. ಬಾವಿಯ ಈಚೆಗೆ ನಮ್ಮ ಮನೆ, ಆಚೆಗೆ ತಾತನ ತಮ್ಮ ಬೆಳ್ಳಿಯಪ್ಪನ ಮನೆ. ಎಷ್ಟೋ ತಲೆಮಾರಿನಿಂದ ಅಲ್ಲೇ ಇದ್ದವರು ನಾವು; ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ನಾನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಐವತ್ತರ ದಶಕದ ಆ ದಿನಗಳಲ್ಲಿ, ಜೋಳದ ಕೊಯ್ಲು ಮುಗಿದ ಮೇಲೆ ಊರಿನ ಕಣದಲ್ಲಿ ಪ್ರತಿವರ್ಷವೂ ಅದೇ ಒಂದು ನಾಟಕವನ್ನು ರಾತ್ರಿಯಿಡೀ ಆಡುತ್ತಿದ್ದರು. ತಮಿಳಿನದು, ಅರ್ಧ ಹಾಡು, ಅರ್ಧ ಮಾತು. ಶತ್ರುವಿಗೆ ಕೋಟೆಯ ಬಾಗಿಲು ತೆಗೆದುಕೊಟ್ಟ ತಮ್ಮನನ್ನು ಸರಪಳಿ ಹಾಕಿ ರಾಜನ ಮುಂದೆ ತರುತ್ತಾರೆ. ತಲೆ ತೆಗೆಯಬೇಕೆಂಬ ಅಪ್ಪಣೆ ರಾಜನದೇ. ಆದರೆ ಎತ್ತಿದ ಕತ್ತಿಯನ್ನು ಕೆಳಗಿಟ್ಟು ರಾಜ ತಮ್ಮನನ್ನು ಮೇಲೆತ್ತಿ ಅಪ್ಪಿಕೊಳ್ಳುತ್ತಾನೆ. ಈ ಕ್ಷಮೆಯ ಘಟ್ಟ ಬರುವಾಗ ಸರಿಯಾಗಿ ಬೆಳಗಾಗಬೇಕು. ಸೂರ್ಯ ಮೂಡುವುದಕ್ಕೂ ರಾಜನ ಮನಸ್ಸು ಕರಗುವುದಕ್ಕೂ ಹೊಂದುವಂತೆ ಹಾಡುಗಳನ್ನು ಎಳೆಯುವುದೋ ಮೊಟಕು ಮಾಡುವುದೋ ನಾಟಕ ಕಲಿಸಿದ ಹಾರ್ಮೋನಿಯಂ ವಾದ್ಯಾರರ ಕೆಲಸ. ರಾಜನ ಪಾತ್ರ ನಮ್ಮ ತಾತನದು. ತಮ್ಮನ ಪಾತ್ರ ಬೆಳ್ಳಿಯಪ್ಪ ಚಿಕ್ಕತಾತನದು.

ವೇಷ ಕಳಚಿದರೆ ಅವರಿಬ್ಬರಿಗೂ ಮಾತಿರಲಿಲ್ಲ. ನಾನು ಹುಟ್ಟುವ ಮೊದಲಿನ ಕತೆ ಅದು. ಮುತ್ತಜ್ಜಿ ಚಿಕ್ಕತಾತನ ಮನೆಯಲ್ಲಿದ್ದಾಗ ಕಾಯಿಲೆ ಬಿದ್ದಳು. ಆಗ ಅಣ್ಣತಮ್ಮಂದಿರ ನಡುವೆ ಬಾವಿಯ ಸರದಿಗಾಗಿ ಜಗಳ ನಡೆಯುತ್ತಿತ್ತು. ತಾತ ಎತ್ತು ಕೊಳ್ಳಲು ದೂರದ ಸಂತೆಗೆ ಹೋಗಿದ್ದ. ಅವ್ವ ಉಳಿಯುವುದಿಲ್ಲವೆಂದು ತಿಳಿದರೂ ಚಿಕ್ಕತಾತ ಹಟ ಹಿಡಿದು ಹೇಳಿಕಳಿಸಲಿಲ್ಲ. ತಾತ ಬಂದಾಗ ಚಿತೆ ಆರಿತ್ತು. ಅಂದಿನಿಂದ ತಾತ ತಮ್ಮನ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಊರಿನವರು ಪಾತ್ರ ಬಿಡಬೇಡಿ ಎಂದು ಇಬ್ಬರನ್ನೂ ಬೇಡಿಕೊಂಡದ್ದರಿಂದ ನಾಟಕವೊಂದು ಉಳಿಯಿತು. ವರ್ಷಕ್ಕೊಮ್ಮೆ, ಜನರೆದುರು, ತಮಿಳಿನಲ್ಲಿ, ತಾತ ತಮ್ಮನನ್ನು ಕ್ಷಮಿಸುತ್ತಿದ್ದ. ಮುಖ ತೊಳೆದುಕೊಂಡು ಬೇರೆ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಅಜ್ಜಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಒಮ್ಮೆ ಊಟ ಬಡಿಸುತ್ತಾ, "ಅಲ್ಲಿ ಅಷ್ಟು ಚೆಂದ ಮನ್ನಿಸ್ತೀರಿ, ಮನೆಗೂ ಸೊಲ್ಪ ತರಬಾರ್ದಾ?" ಎಂದಳು. ತಾತ ತಲೆ ಎತ್ತದೆ, "ಅದು ರಾಜಂದು. ಇದು ನಂದು," ಎಂದ.

ನಾನಿನ್ನೂ ಚಿಕ್ಕವಳಿದ್ದ ಒಂದು ವರ್ಷ ತಾತನ ಮಂಡಿ ಹಿಡಿದುಕೊಂಡಿತ್ತು, ಹಾಡಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ಇದೇ ಕೊನೆ, ಮುಂದಿನ ವರ್ಷಕ್ಕೆ ಬೇರೆ ರಾಜನನ್ನು ನೋಡಿಕೊಳ್ಳಿ ಎಂದು ವಾದ್ಯಾರರಿಗೆ ಹೇಳಿದ. ಸುದ್ದಿ ಕೇಳಿದ ದಿನದಿಂದ ಚಿಕ್ಕತಾತ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಚಿಕ್ಕಜ್ಜಿ ಬಾವಿಯ ಹತ್ತಿರ ನಮ್ಮ ಅಜ್ಜಿಯ ಮುಂದೆ ಅತ್ತಳು. ಗಂಡಸರ ಮುನಿಸು ಏನೇ ಇರಲಿ, ಹೆಂಗಸರಿಬ್ಬರೂ ನೀರು ಸೇದುವ ನೆವದಲ್ಲಿ ಮಾತು ಬಿಟ್ಟಿರಲಿಲ್ಲ.

ನಾಟಕದ ರಾತ್ರಿ ಕಣದಲ್ಲೇ ನಾನು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದೆ. ಮೂಡಲಲ್ಲಿ ಬೆಳಕು ಹರಿಯುವಾಗ ಅವಳೇ ಎಬ್ಬಿಸಿದಳು. ಸರಪಳಿ ಸದ್ದು ಮಾಡುತ್ತಾ ಚಿಕ್ಕತಾತ ಬಂದು ಮಂಡಿಯೂರಿದ. ತಾತ ಕತ್ತಿ ಎತ್ತಿದ. ವಾದ್ಯಾರರು ಸ್ವರ ಹಿಡಿದು ಚಿಕ್ಕತಾತನ ಹಾಡಿಗಾಗಿ ಕಾದರು, ಹಾಡು ಬರಲಿಲ್ಲ. ಮತ್ತೆ ಸ್ವರ ಕೊಟ್ಟರು. ಆಗ ಚಿಕ್ಕತಾತ ತಲೆಯೆತ್ತಿ ನಮ್ಮ ಮನೆಯ ಮಾತಿನಲ್ಲಿ ಹೇಳಿದ: "ಅಣ್ಣಾ, ಮುಂದಿನ ವರ್ಸ ನೀ ವೇಸ ಕಟ್ಟಲ್ವಂತೆ. ಇನ್ನು ನನ್ನ ಯಾರು ಎತ್ತೋದು?"

ಕಣದಲ್ಲಿ ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಅದು ಅರ್ಥವಾಗಲಿಲ್ಲ. ಅಜ್ಜಿಯ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಚಿಕ್ಕತಾತ ನಿಲ್ಲಿಸಲಿಲ್ಲ. ಅವ್ವ ಹೋಗುತ್ತಾಳೆಂದು ಗೊತ್ತಿದ್ದೂ ಆಳು ಕಳಿಸಲಿಲ್ಲ, ಬರೀ ಕೋಪ, ಬೇರೇನೂ ಕಾರಣವಿಲ್ಲ, ತಪ್ಪು ನನ್ನದೇ ಎಂದ. ತಾತನ ಕತ್ತಿ ಮೆಲ್ಲಗೆ ಇಳಿಯಿತು. ಅವನು ಏನಾದರೂ ಬಯ್ಯುತ್ತಾನೆಂದು ನಾನು ಹೆದರಿದೆ. ತಾತ ಇಷ್ಟು ವರ್ಷ ಕೇಳಲಾಗದೆ ಉಳಿದಿದ್ದುದನ್ನು ಕೇಳಿದ.

"ಅವ್ವ ನನ್ನ ಕೇಳಿದ್ಳಾ?"

"ಕೇಳಿದ್ಳು. ದೊಡ್ಡೋನು ಬಂದ್ನಾ ಅಂದ್ಳು. ದಾರೀಲಿ ಬರ್ತಾವ್ನೆ ಅಂದೆ. ಸರಿ ಅಂತ ಕಣ್ಣು ಮುಚ್ಚಿದ್ಳು."

ತಾತ ತಮ್ಮನನ್ನು ಎತ್ತಲು ಬಗ್ಗಿದ. ಮಂಡಿ ಕೇಳಲಿಲ್ಲ. ಕಿರೀಟ, ಭುಜಕೀರ್ತಿಗಳ ಸಮೇತ ರಾಜ ಕಣದ ಮಣ್ಣಿನಲ್ಲೇ ಕುಳಿತುಬಿಟ್ಟ. ಕುಳಿತಲ್ಲಿಂದಲೇ ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡು, "ಸಾಕು ಬೆಳ್ಳಿ. ಮನೆಗೆ ಹೋಗೋಣ," ಎಂದ. ಆ ಹೆಸರನ್ನು ತಾತನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಜನರೆಲ್ಲ ಎದ್ದು ನಿಂತರು. ಮಾತು ತಿಳಿಯದಿದ್ದರೂ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಕೈ ನೋಯುವಂತೆ ಚಪ್ಪಾಳೆ ತಟ್ಟುತ್ತಿದ್ದರು. ಇಬ್ಬರು ಮುದುಕರನ್ನೂ ಎತ್ತಿ ನಿಲ್ಲಿಸಲು ಕಾವಲುಭಟರ ವೇಷದವರೇ ಓಡಿಬರಬೇಕಾಯಿತು. ವಾದ್ಯಾರರು ಮುಕ್ತಾಯದ ಮಂಗಳವನ್ನು ಬಿಟ್ಟು ರಾಜನ ಪಟ್ಟಾಭಿಷೇಕದ ಹಾಡನ್ನೇ ಇನ್ನೊಮ್ಮೆ ನುಡಿಸಿದರು.

ಮುಖ ತೊಳೆಯಲು ಇಬ್ಬರೂ ನಿಲ್ಲಲಿಲ್ಲ. ಎಳೆಬಿಸಿಲಿನಲ್ಲಿ ಹತ್ತಿ ಹೊಲದ ಬದುವಿನ ಮೇಲೆ ರಾಜ ಮುಂದೆ, ಅವನ ಹೆಗಲ ಮೇಲೆ ಕೈಯಿಟ್ಟ, ಸರಪಳಿಯನ್ನೂ ಬಿಡಿಸಿಕೊಳ್ಳದ ತಮ್ಮ, ಹಿಂದೆ ಅರ್ಧ ಊರು. ಹೊಲದಲ್ಲಿದ್ದವರು ಕೆಲಸ ಬಿಟ್ಟು ನೋಡಿದರು. ಅಜ್ಜಿ ಅಡ್ಡದಾರಿಯಲ್ಲಿ ನನ್ನನ್ನು ಎಳೆದುಕೊಂಡು ಮೊದಲೇ ಮನೆ ಸೇರಿ ಒಲೆ ಹಚ್ಚಿದಳು. ಚಿಕ್ಕತಾತ ಹೊಸಿಲ ಹೊರಗೆ ನಿಂತಾಗ, "ಒಳಗ್ ಬನ್ನಿ, ಅಂಬಲಿ ಆರೋಗ್ತದೆ," ಎಂದಳು. ಅವನು ನಿನ್ನೆಯಷ್ಟೇ ಎದ್ದುಹೋದವನು ಎಂಬಂತೆ. ಬಣ್ಣದ ಮುಖಗಳು ಎರಡು, ಬಟ್ಟಲುಗಳು ಎರಡು. ಮೀಸೆಯ ಮಸಿ ಅಂಬಲಿಗೆ ಇಳಿಯುತ್ತಿದ್ದರೂ ಇಬ್ಬರೂ ನೋಡಲಿಲ್ಲ.

ಈಗ ಅವರು ಯಾರೂ ಇಲ್ಲ. ಕಣವಿದ್ದಲ್ಲಿ ವಿದ್ಯುತ್ ಮಗ್ಗಗಳ ಶೆಡ್ಡು ಎದ್ದಿದೆ, ಆ ನಾಟಕದ ಒಂದು ಹಾಡೂ ಯಾರ ಬಾಯಲ್ಲೂ ಉಳಿದಿಲ್ಲ. ನನ್ನ ತಮ್ಮನ ಮಕ್ಕಳು ನನ್ನೊಡನೆ ಮಾತಾಡುವುದು ತಮಿಳಿನಲ್ಲೇ. ಆದರೂ ಮರುವರ್ಷದ ನಾಟಕವನ್ನು ನೆನೆದರೆ ನನಗೆ ನಗು ಬರುತ್ತದೆ. ಹೊಸ ರಾಜ ಎಳೆಯ ದನಿಯಲ್ಲಿ ಹಾಡುತ್ತಿದ್ದ. ಚಿಕ್ಕತಾತನೂ ವೇಷ ಬಿಟ್ಟಿದ್ದ; ಅಣ್ಣತಮ್ಮಂದಿರು ಮುಂದಿನ ಸಾಲಿನಲ್ಲಿ ಒಂದೇ ಚಾಪೆಯ ಮೇಲೆ ಕುಳಿತು, ಎತ್ತು, ಬಾವಿ, ಅವ್ವ ಮಾಡುತ್ತಿದ್ದ ಹುರುಳಿಸಾರು ಎಂದು ಕನ್ನಡದಲ್ಲಿ ಹರಟುತ್ತಿದ್ದರು. ಹಿಂದಿನವರು ಸುಮ್ಮನಿರಿ ಎಂದು ಎಷ್ಟು ಗದರಿದರೂ ಅವರು ಕೇಳಲಿಲ್ಲ. ಬಿಸಿಲೇರಿ ಚಾಪೆ ಸುತ್ತುವವರೆಗೂ ಮಾತಾಡುತ್ತಲೇ ಇದ್ದರು.