ಶಿವಲಿಂಗಣ್ಣನ ಕಿವಿ

ಶಿವಲಿಂಗಣ್ಣನ ಕಿವಿ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವರನ್ನು ನಂಬಿಸಿದವನು ನಾನು. ಒಂದು ಹಳೆಯ ಗ್ರಾಮಫೋನ್ ರೆಕಾರ್ಡಿಗಾಗಿ, ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ಬಿಲ್ಲೆಗಾಗಿ, ನನ್ನನ್ನು ಒಡಹುಟ್ಟಿದವನಂತೆ ಕಂಡ ಮನುಷ್ಯನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಇಲ್ಲದಂತೆ ಮಾಡಿದೆ. ಇದನ್ನು ಬರೆಯುವಾಗ ನಾಚಿಕೆಗಿಂತ ಹೆಚ್ಚಾಗಿ ಹೇಸಿಗೆಯಾಗುತ್ತಿದೆ. ನಾಚಿಕೆ ಪಡುವವನಲ್ಲಿ ಸ್ವಲ್ಪವಾದರೂ ಮಾನ ಉಳಿದಿರುತ್ತದೆ — ನನ್ನಲ್ಲಿ ಉಳಿದಿತ್ತೆಂದು ಹೇಳಲಾರೆ.

ನನ್ನ ಹೆಸರು ಮಂಜಣ್ಣ, ಚನ್ನಗಿರಿಯವನು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಔಷಧಿ ಅಂಗಡಿ ಇದೆ. ಹಳೆಯ ಸಿನಿಮಾಗಳ ರೆಕಾರ್ಡು ಕೂಡಿಡುವುದು ನನ್ನ ಚಟ. ಹವ್ಯಾಸ ಎಂದು ಹೇಳಿಕೊಂಡು ತಿರುಗಿದೆ, ಆದರೆ ಅದು ಚಟವೇ. ಹಾಡು ಕೇಳುವ ಆಸೆಯಿಂದ ಶುರುವಾದದ್ದು ಬರಬರುತ್ತ ‘ಇದು ನನ್ನ ಹತ್ತಿರ ಮಾತ್ರ ಇದೆ’ ಎನ್ನುವ ಸುಖಕ್ಕೆ ಬಂದು ನಿಂತಿತ್ತು. ಯಾರಾದರೂ ಹಿರಿಯರು ತೀರಿಕೊಂಡರು ಎಂದು ಕೇಳಿದರೆ ಅವರ ಮನೆಯ ಅಟ್ಟದ ಮೇಲೆ ಏನಿರಬಹುದು ಎಂಬ ಯೋಚನೆಯೇ ಮೊದಲು ಬರುತ್ತಿತ್ತು. ಸಾವಿನ ಮನೆಯಲ್ಲಿ ಅಳುವವರ ನಡುವೆ ಕೂತು, ಕಣ್ಣು ಮಾತ್ರ ಅಟ್ಟದ ಕಡೆ — ಹೌದು, ಅದನ್ನೂ ಮಾಡಿದ್ದೇನೆ.

ಶಿವಲಿಂಗಣ್ಣ ಜಗಳೂರಿನವರು. ಅಲ್ಲಿ ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಯಾವುದೋ ಮದುವೆಗೆಂದು ಚನ್ನಗಿರಿಗೆ ಬಂದಿದ್ದವರು ತಲೆನೋವಿನ ಮಾತ್ರೆ ಕೇಳಿಕೊಂಡು ನನ್ನ ಅಂಗಡಿಗೆ ಬಂದರು. ನಾನು ಹಾಕಿಕೊಂಡಿದ್ದ ಹಳೆಯ ಹಾಡು ಕಿವಿಗೆ ಬಿದ್ದು ಅಲ್ಲೇ ನಿಂತರು. ಮಾತ್ರೆ ಮರೆತುಹೋಯಿತು, ಮಾತು ಬೆಳೆಯಿತು. ಆಮೇಲೆ ಬಿಡುವಿದ್ದ ಭಾನುವಾರಗಳಲ್ಲೆಲ್ಲ ದಾವಣಗೆರೆಯಲ್ಲಿ ಬಸ್ ಬದಲಿಸಿ ನಾನು ಜಗಳೂರಿಗೆ ಹೋಗುವುದು ರೂಢಿಯಾಯಿತು.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಗ್ರಾಮಫೋನು. ಕೈ ತೊಳೆದು, ಒರೆಸಿಕೊಂಡು, ರೆಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿದು ಇಡುತ್ತಿದ್ದರು. ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಮುಗಿದ ಮೇಲೆ ಅವರ ಹೆಂಡತಿ ಗಿರಿಜಕ್ಕ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಂದಿಡುತ್ತಿದ್ದರು. ನನ್ನ ತಟ್ಟೆ ಖಾಲಿಯಾಗಲು ಆಕೆ ಬಿಟ್ಟದ್ದೇ ಇಲ್ಲ.

ನಾನು ಅಲ್ಲಿ ಕೂತು ತಿನ್ನುತ್ತಾ ಹೊಟ್ಟೆಕಿಚ್ಚು ಪಡುತ್ತಿದ್ದೆ. ನಮ್ಮ ಮನೆ ಸೂಳೆಕೆರೆ ನಾಲೆಯ ಬದಿಯಲ್ಲಿದೆ, ಗೋಡೆಗೆ ಸದಾ ತೇವ. ಎಷ್ಟು ಒರೆಸಿದರೂ ನನ್ನ ರೆಕಾರ್ಡುಗಳ ಮೇಲೆ ಬೂಷ್ಟು ಕೂರುತ್ತಿತ್ತು. ಜಗಳೂರಿನ ಒಣ ಗಾಳಿಯಲ್ಲಿ ಅವರ ರೆಕಾರ್ಡುಗಳು ನಿನ್ನೆ ಕೊಂಡು ತಂದಂತೆ ಹೊಳೆಯುತ್ತಿದ್ದವು. ಅದರಲ್ಲೂ ಒಂದು — ಹಳೆಯ ಕನ್ನಡ ಚಿತ್ರವೊಂದರದು. ಹೆಸರು ಬರೆಯುವುದಿಲ್ಲ, ಬರೆದರೆ ‘ಈಗ ಯಾರ ಹತ್ತಿರ ಇದೆ?’ ಎಂದು ವಿಚಾರಿಸಿಕೊಂಡು ಬರುವವರಿದ್ದಾರೆ. ಅವರ ಬುದ್ಧಿ ನನಗೆ ಗೊತ್ತು. ಅದರಲ್ಲೊಂದು ಜೋಗುಳವಿತ್ತು. ಜೋಗುಳದ ಎರಡನೇ ಚರಣದ ಹಿಂದೆ, ತೀರಾ ಮೇಲಿನ ಸ್ವರದಲ್ಲಿ, ಕೂದಲೆಳೆಯಂಥ ಒಂದು ಕೊಳಲು. ಸವೆದ ರೆಕಾರ್ಡುಗಳಲ್ಲಿ ಅದು ಕೇಳುವುದೇ ಇಲ್ಲ. ಶಿವಲಿಂಗಣ್ಣನ ರೆಕಾರ್ಡಿನಲ್ಲಿ ಕೇಳುತ್ತಿತ್ತು. ಆ ಕೊಳಲು ಬರುವಾಗ ಅವರು ಕಣ್ಣು ಮುಚ್ಚಿಕೊಂಡು ಒಂದು ಬೆರಳು ಮೇಲೆತ್ತುತ್ತಿದ್ದರು, ನಾನು ತಪ್ಪಿಸಿಕೊಂಡುಬಿಟ್ಟೇನು ಎಂಬಂತೆ. ಮಗಳು ಸುಧಾಳನ್ನು ಮಲಗಿಸುತ್ತಿದ್ದದ್ದು ಅದೇ ಹಾಡಿನಲ್ಲಂತೆ.

ಅದನ್ನು ಕೊಡಿ ಎಂದು ಹಲವು ಸಲ ಕೇಳಿದೆ. ಬದಲಿಗೆ ನನ್ನ ಹತ್ತಿರದ ಯಾವುದನ್ನಾದರೂ ತೆಗೆದುಕೊಳ್ಳಿ ಎಂದೆ. ಅವರು ನಕ್ಕು, “ಮಾರಾಕೆ ಕೆಳಗೆ ಪಾತ್ರೆ ಅದಾವಲ್ಲ ತಮ್ಮಾ” ಎಂದರು. ಅಷ್ಟೇ. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಬೇರೆ ಏನನ್ನೂ ಯೋಚಿಸಲಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಹೊನ್ನಾಳಿಯ ಗುಜರಿ ಅಂಗಡಿಯವನು ಹೇಳಿಕಳಿಸಿದ. ಹಿಂದೆ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ ಯಾರದೋ ಮನೆ ಖಾಲಿ ಮಾಡಿದಾಗ ಸಿಕ್ಕ ಒಂದು ಗೋಣಿಚೀಲ. ಇಲಿ ಉಚ್ಚೆಯ ವಾಸನೆ. ಕೈ ಹಾಕಿದರೆ ಜಿರಲೆ ಮೊಟ್ಟೆಗಳು ಬೆರಳಿಗೆ ಅಂಟಿದವು. ಅದರ ತಳದಲ್ಲಿ ಅದೇ ಚಿತ್ರದ ರೆಕಾರ್ಡು ಇತ್ತು, ಕವರಿಲ್ಲದೆ, ಬರೀ ಬಿಲ್ಲೆ. ನಡುವಿನ ಚೀಟಿ ಮಾತ್ರ ಹಾಗೇ ಇತ್ತು. ಮನೆಗೆ ತಂದು ತೊಳೆದು ಹಾಕಿದೆ. ಮದುವೆ ಮನೆಗಳಲ್ಲಿ ಓಡಿದ ಗ್ರಾಮಫೋನಿನ ಭಾರದ ಮುಳ್ಳು ಅದರ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಹಾಡೇನೋ ಇತ್ತು — ಕಂಬಳಿ ಹೊದ್ದುಕೊಂಡು ಹಾಡಿದಂತೆ. ಕೊಳಲು ಇರಲಿಲ್ಲ.

ಆಗಲೇ ಬಂತು ಆ ಯೋಚನೆ. ಬಂದ ಕೂಡಲೇ ಬೆಚ್ಚಿಬಿದ್ದೆ ಎಂದು ಬರೆಯಬಹುದಿತ್ತು. ಬೆಚ್ಚಿಬೀಳಲಿಲ್ಲ. ನಗು ಬಂತು.

ನ್ಯಾಮತಿಗೆ ಮದುವೆ ಮಾಡಿಕೊಟ್ಟಿದ್ದ ಸುಧಾಳಿಗೆ ಆಗತಾನೇ ಹೆರಿಗೆಯಾಗಿತ್ತು. ಜೋಗುಳವನ್ನು ಕಂಪ್ಯೂಟರಿಗೆ ಹತ್ತಿಸಿ ಮೊಬೈಲಿಗೆ ಹಾಕಿಕೊಡುತ್ತೇನೆ, ಮೊಮ್ಮಗಳೂ ಅದರಲ್ಲೇ ಮಲಗಲಿ ಎಂದು ಶಿವಲಿಂಗಣ್ಣನಿಗೆ ಹೇಳಿದೆ. ಯಾರ ಕೈಗೂ ರೆಕಾರ್ಡು ಕೊಡದ ಮನುಷ್ಯ, ಮೊಮ್ಮಗಳ ಹೆಸರು ಬಂದದ್ದೇ ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತಾವೇ ಇಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೋ ಎಂದರು.

ಮನೆಗೆ ಬಂದು ಸವೆದ ರೆಕಾರ್ಡಿಗೆ ಕೊಬ್ಬರಿ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸಿದೆ. ಹೀಗೆ ಎಣ್ಣೆ ಹಚ್ಚಿ ಮಾರುವವರನ್ನು ನಾನೇ ಕಳ್ಳರೆಂದು ಬೈಯುತ್ತಿದ್ದೆ. ಅದನ್ನು ಅವರ ಕವರಿನೊಳಗೆ ಸೇರಿಸಿದೆ. ಮೊಬೈಲಿಗೆ ಹಾಡು ಹತ್ತಿಸಿದ್ದೂ ಆ ಸವೆದದ್ದರಿಂದಲೇ — ಎರಡೂ ಒಂದೇ ಥರ ಮಂಕಾಗಿ ಕೇಳಬೇಕಲ್ಲ. ಅಷ್ಟು ದೂರ ಯೋಚಿಸಿದ್ದೆ. ಆ ಹೊತ್ತಿನ ನನ್ನ ಬೆರಳುಗಳು, ಎಣ್ಣೆ ಜಿಡ್ಡಿನ ಬೆರಳುಗಳು, ಈಗಲೂ ಕಣ್ಣಿಗೆ ಬಂದರೆ ಅನ್ನ ಕಲಸಲು ಮನಸ್ಸಾಗುವುದಿಲ್ಲ.

ಮುಂದಿನ ಭಾನುವಾರ ಅವರು ಅದನ್ನು ಹಾಕಿದರು. ಎರಡನೇ ಚರಣ ಬಂತು. ಬೆರಳು ಮೇಲೆದ್ದಿತು — ಗಾಳಿಯಲ್ಲಿ ಹಾಗೇ ನಿಂತಿತು. ಮುಳ್ಳು ಎತ್ತಿ ಇನ್ನೊಮ್ಮೆ ಹಾಕಿದರು. ಮುಳ್ಳನ್ನು ಬೆರಳ ತುದಿಯಿಂದ ಸವರಿ ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿದರು.

“ತಮ್ಮಾ, ಕೊಳಲು ಕೇಳ್ತಾ ಐತಾ ನಿನಗೆ?”

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೆಕಾರ್ಡು ಸವೆಯಿತು ಎಂದುಕೊಳ್ಳುತ್ತಿದ್ದರು; ಅವರದೊಂದು ರೆಕಾರ್ಡು ಹೋಗುತ್ತಿತ್ತು, ಅಷ್ಟೇ.

“ಚೆನ್ನಾಗೇ ಕೇಳ್ತಾ ಐತಲ್ಲಣ್ಣಾ,” ಎಂದೆ. “ಇಷ್ಟು ವರ್ಷ ಪಾತ್ರೆ ಸದ್ದಿನಾಗೆ ಕೂತೀರಿ. ಕಿವಿ ಹೆಂಗೆ ಉಳಿತಾವೆ? ಸಣ್ಣ ಸ್ವರ ಮೊದಲು ಹೋಗ್ತಾವೆ.”

ಅವರು ಗಿರಿಜಕ್ಕನನ್ನು ಕೇಳಿದರು. ಆಕೆ, ನನಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಎಂದು ಒಳಗೆ ಹೋದರು. ಶಿವಲಿಂಗಣ್ಣ ಮೊಬೈಲಿನಲ್ಲಿ ಹಾಕಿ ಕೇಳಿದರು, ಅಲ್ಲೂ ಇಲ್ಲ. ಬೇರೆ ರೆಕಾರ್ಡುಗಳು ಸರಿಯಾಗಿ ಕೇಳುತ್ತವಲ್ಲ ಎಂದರು. ಅವುಗಳಲ್ಲಿ ಇಷ್ಟು ಸಣ್ಣ ಸ್ವರ ಇಲ್ಲ, ನಿಧಾನಕ್ಕೆ ಅವೂ ಮಂಕಾಗುತ್ತವೆ ಎಂದೆ. ಔಷಧಿ ಅಂಗಡಿಯವನ ಮಾತು. ಜನ ನಂಬುತ್ತಾರೆ; ಅವರೂ ನಂಬಿದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಸಲ ಹೋಗುವಾಗ ಕಿವಿಗೆ ಹಾಕುವ ಹನಿ ಔಷಧಿ ತೆಗೆದುಕೊಂಡು ಹೋದೆ. ಚೆನ್ನಾಗಿದ್ದ ಕಿವಿಗೆ.

ಆಮೇಲಿನದ್ದು ನಾನು ಎಣಿಸಿದ್ದಲ್ಲ. ಎಣಿಸಿರಲಿಲ್ಲ ಎಂದಮಾತ್ರಕ್ಕೆ — ಇರಲಿ. ಒಂದೊಂದಾಗಿ ಉಳಿದ ರೆಕಾರ್ಡುಗಳೂ ಅವರಿಗೆ ಮಂಕಾಗಿ ಕೇಳತೊಡಗಿದವು. ಅವುಗಳಿಗೇನೂ ಆಗಿರಲಿಲ್ಲ. ದಾವಣಗೆರೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತೆ ಸರಿಯಾಗಿದೆ ಎಂದರಂತೆ. ಶಿವಲಿಂಗಣ್ಣ ಅದರಲ್ಲಿ ‘ವಯಸ್ಸಿಗೆ ತಕ್ಕಂತೆ’ ಎಂಬುದನ್ನು ಮಾತ್ರ ಹಿಡಿದುಕೊಂಡು ಬಂದರು. ಅಂಗಡಿಯಲ್ಲಿ ಬಿಂದಿಗೆ ಕೊಡುವ ಮೊದಲು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಸೀಳು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದವರು ತಟ್ಟುವುದನ್ನು ಬಿಟ್ಟರು. ಗಿರಾಕಿಯೇ ತಟ್ಟಿ ನೋಡಿಕೊಳ್ಳಲಿ ಎನ್ನುತ್ತಿದ್ದರು. ಯಾರಾದರೂ ಮಾತಾಡಿದರೆ ಸರಿಯಾಗಿ ಕೇಳಿಸಿದ್ದನ್ನೂ ‘ಏನಂದ್ರಿ?’ ಎಂದು ಮತ್ತೆ ಕೇಳುತ್ತಿದ್ದರು. ಮನೆಯಲ್ಲಿ ಜನ ಸೇರಿದರೆ ಮೂಲೆ ಹಿಡಿಯುತ್ತಿದ್ದರು.

ಒಂದು ದಿನ ಟೆಂಪೋ ಒಂದು ನನ್ನ ಮನೆ ಮುಂದೆ ನಿಂತಿತು. ಅವರ ರೆಕಾರ್ಡುಗಳಷ್ಟೂ ಅದರಲ್ಲಿದ್ದವು, ಗ್ರಾಮಫೋನೂ. ಫೋನ್ ಮಾಡಿ ಹೇಳಿದರು: “ಕಿವಿ ಇರೋರ ಹತ್ರ ಇರ್ಲಿ ತಮ್ಮಾ.”

ನಾನು ಇಳಿಸಿಕೊಂಡೆ. ಒಂದೂ ಬಿಡದೆ ಇಳಿಸಿಕೊಂಡೆ. ಸವೆದ ಬಿಲ್ಲೆ ತೆಗೆದೆಸೆದು, ನಾನು ಕದ್ದದ್ದನ್ನು ಅದರ ಸ್ವಂತ ಕವರಿಗೆ ಸೇರಿಸುವಾಗ, ಕವರೂ ಸಿಕ್ಕಿತಲ್ಲ ಎಂಬ ತೃಪ್ತಿ ಒಳಗೆಲ್ಲೋ — ಇದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರೆ ಈ ನಿವೇದನೆಯೂ ಒಂದು ಕಳ್ಳತನವಾಗುತ್ತದೆ. ಹೌದು, ತೃಪ್ತಿಯಾಯಿತು.

ಅದನ್ನು ನಾನು ಸುಖವಾಗಿ ಕೇಳಿದೆನೇ? ಇಲ್ಲ. ಹಾಕಿದಾಗಲೆಲ್ಲ ಕೊಳಲು ಬರುವ ಮುಂಚೆ ಮುಳ್ಳು ಎತ್ತಿಬಿಡುತ್ತಿದ್ದೆ. ಆದರೂ ಹಿಂತಿರುಗಿಸಲಿಲ್ಲ. ಹೀಗೆ ವರ್ಷಗಳು ಹೋದವು. ಜಗಳೂರಿಗೆ ಹೋಗುವುದೂ ಕಡಿಮೆಯಾಗಿ, ನಿಂತೇ ಹೋಯಿತು.

ಈ ವರ್ಷ ಸುಧಾ ನನ್ನ ಅಂಗಡಿಗೆ ಬಂದಳು. ಕಿವಿಗೆ ಹಾಕುವ ಮಷಿನ್ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ವಿಚಾರಿಸಲು. ಅಪ್ಪನಿಗೆ ಈಗ ಎದುರಿಗೆ ನಿಂತು ಮಾತಾಡಿದರೂ ಸರಿಯಾಗಿ ಕೇಳುವುದಿಲ್ಲವಂತೆ. “ನೀವು ಆವಾಗ್ಲೇ ಗುರುತು ಹಿಡಿದಿದ್ರಿ ಚಿಕ್ಕಪ್ಪಾ,” ಎಂದಳು. “ನಾವೇ ತಲೆಗೆ ಹಾಕ್ಕೊಳ್ಳಲಿಲ್ಲ.” ಆಕೆಯ ದನಿಯಲ್ಲಿ ಕೃತಜ್ಞತೆ ಇತ್ತು. ಆಕೆ ಹೋದ ಮೇಲೆ ಅಂಗಡಿಯ ಹಿಂದಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಪಶ್ಚಾತ್ತಾಪದಿಂದ ಎನ್ನಲಾರೆ. ಕೊಳೆತದ್ದನ್ನು ಮುಟ್ಟಿದರೆ ಆಗುತ್ತದಲ್ಲ, ಹಾಗೆ.

ಆ ವಾರವೇ ಎಲ್ಲ ರೆಕಾರ್ಡುಗಳನ್ನೂ ಗ್ರಾಮಫೋನನ್ನೂ ಒಂದು ಗಾಡಿಗೆ ಹಾಕಿಕೊಂಡು ಜಗಳೂರಿಗೆ ಹೋದೆ. ಮೇಲಿನ ಕೋಣೆಯಲ್ಲಿ ಶಿವಲಿಂಗಣ್ಣನನ್ನೂ ಗಿರಿಜಕ್ಕನನ್ನೂ ಕೂರಿಸಿಕೊಂಡು, ಅವರ ಕಿವಿಯ ಹತ್ತಿರ ಬಾಗಿ, ಗೋಣಿಚೀಲದಿಂದ ಹಿಡಿದು ಟೆಂಪೋವರೆಗೆ ಎಲ್ಲವನ್ನೂ ಹೇಳಿದೆ. ಇಂಥದ್ದನ್ನು ಗಟ್ಟಿಯಾಗಿ ಹೇಳಬೇಕಾಗಿ ಬಂತು. ಕೆಳಗೆ ಅಂಗಡಿಯಲ್ಲಿದ್ದವರಿಗೂ ಕೇಳಿಸಿರಬೇಕು.

ಶಿವಲಿಂಗಣ್ಣ ಬೈಯಲಿಲ್ಲ. ರೆಕಾರ್ಡಿನ ಕಡೆಗೂ ನೋಡಲಿಲ್ಲ.

“ಹಂಗಾದ್ರೆ,” ಎಂದರು, “ಆವತ್ತು ನನಗೆ ಕೇಳಿಸಿದ್ದು ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತಣ್ಣಾ.”

“ಕೊಳಲು ಇರ್ಲಿಲ್ಲ.”

“ಇರ್ಲಿಲ್ಲ.”

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ಹಾಕು ಎಂದು ಸನ್ನೆ ಮಾಡಿದರು. ಕೈ ತೊಳೆದುಕೊಂಡು ಬಂದು ಹಾಕಿದೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಮುಳ್ಳು ಎತ್ತದೆ ಕೂತೆ. ಎರಡನೇ ಚರಣದ ಹಿಂದೆ ಕೊಳಲು ಬಂತು, ಸ್ಪಷ್ಟವಾಗಿ. ಅವರು ಅಂಗೈಯನ್ನು ಕಿವಿಗೆ ಆನಿಸಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಹಾಡು ಮುಗಿಯಿತು.

“ಬಂತಾ?” ಎಂದರು.

“ಬಂತಣ್ಣಾ.”

“ಹ್ಞೂಂ. ನೀನು ಹೇಳ್ತಿ” ಎಂದು ಕೈ ಕೆಳಗಿಳಿಸಿದರು.

ಈಗ ಅವರ ಕಿವಿ ನಿಜವಾಗಿಯೂ ಹೋಗಿದೆ. ವಯಸ್ಸಿನಿಂದಲೇ ಹೋಗಿರಬಹುದು. ಆದರೆ ಕೇಳುತ್ತಿದ್ದ ಅಷ್ಟು ವರ್ಷಗಳು ಅವರವೇ ಆಗಿದ್ದವು. ರೆಕಾರ್ಡನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಂತೆ ಅವನ್ನು ತಂದುಕೊಡಲು ನನ್ನಿಂದ ಆಗುವುದಿಲ್ಲ.

ಗಿರಿಜಕ್ಕ ಮೆಟ್ಟಿಲವರೆಗೂ ಬಂದರು. “ಆ ಔಷಧಿ ದಿನಾ ನಾನೇ ಹಾಕ್ತಿದ್ದೆ,” ಎಂದರು. “ಉರಿತೈತೆ ಅಂತಿದ್ರು. ಮಂಜಣ್ಣ ಕೊಟ್ಟಿದ್ದು, ತಡ್ಕೊಳ್ಳಿ ಅಂತಿದ್ದೆ. ಇನ್ನು ಈ ಮನಿಗೆ ಬರಬ್ಯಾಡಪ್ಪ.” ದನಿ ಏರಿಸಲಿಲ್ಲ. ಹೊಲಸು ಮೆಟ್ಟಿದವರು ಕಾಲು ಹಿಂದಕ್ಕೆಳೆದುಕೊಳ್ಳುವಂತೆ ಸೆರಗು ಎಳೆದುಕೊಂಡು ಒಳಗೆ ಹೋದರು. ಅದು ನನಗೆ ಸಲ್ಲಬೇಕಾದದ್ದೇ.

ಸುಧಾಳಿಗೆ ನಾನೇ ಫೋನ್ ಮಾಡಿ ಹೇಳಿದೆ. ಹೇಳಿ ಮುಗಿದದ್ದೇ ಆಕೆ ಫೋನ್ ಇಟ್ಟಳು. ಮಗುವಿಗೆ ಆ ಮಂಕು ಜೋಗುಳವನ್ನೇ ವರ್ಷಗಟ್ಟಲೆ ಕೇಳಿಸಿದ್ದಾಳೆ.

ನನ್ನ ಸ್ವಂತ ರೆಕಾರ್ಡುಗಳು ಇನ್ನೂ ಮನೆಯಲ್ಲಿವೆ. ಮುಟ್ಟುತ್ತಿಲ್ಲ. ಬೂಷ್ಟು ಹಿಡಿದರೆ ಹಿಡಿಯಲಿ. ಹೊಸದಾಗಿ ಏನಾದರೂ ಸಿಕ್ಕಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಬಿಟ್ಟೆ ಎನ್ನುತ್ತೇನೆ; ಏಕೆ ಎಂದು ಕೇಳಿದವರಿಗೆ ಇದನ್ನೆಲ್ಲ ಹೇಳುತ್ತೇನೆ.

ಆ ದಿನ ಶಿವಲಿಂಗಣ್ಣನ ಹತ್ತಿರ ಕ್ಷಮೆ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು, ಅಂಥ ಮನುಷ್ಯ. ಅದನ್ನೂ ಅವರಿಂದ ತೆಗೆದುಕೊಂಡು ಬರುವುದು ಬೇಡವೆನಿಸಿತು.