ಬಾಯಿ ಆಡಿಸಿದರೆ ಸಾಕು

ಕಾಸರಕೋಡಿನ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದ ರಮಾನಂದ ನಾಯ್ಕನಿಗೆ ದೇವರು ಕೊಟ್ಟದ್ದು ದನಿ ಒಂದೇ. ಎತ್ತರವಿಲ್ಲ, ಬಣ್ಣವಿಲ್ಲ, ಮುಖದ ತುಂಬ ಸಿಡುಬಿನ ಕಲೆ. ಹಾಗಾಗಿ ನಮ್ಮ ಹಳದೀಪುರದ ನಾಟಕಗಳಲ್ಲಿ ರಾಜನ ಪಾರ್ಟು ಅವನಿಗೆ ಎಂದೂ ಸಿಗಲಿಲ್ಲ. ಕುಡುಕ, ಕಳ್ಳ, ಹೆಣ್ಣು ಹೆತ್ತ ಬಡ ಅಪ್ಪ, ಇವೇ. ಆದರೆ ಆ ಅಪ್ಪ ಮೈಕಿಲ್ಲದೆ ಬಾಯಿ ತೆರೆದರೆ ಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತಿದ್ದವರೂ ಕೈ ನಿಲ್ಲಿಸುತ್ತಿದ್ದರು. ನಾನು ಪರದೆಯ ಪಕ್ಕ ಕೂತು ನಟರಿಗೆ ಮಾತು ಹೇಳಿಕೊಡುವವನು. ಅವರ ಬೆನ್ನು ನೋಡಿಯೇ ಮುದುಕನಾದೆ. ಅಂಥ ದನಿ ಇನ್ನೊಂದು ಕೇಳಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ತೊಂಬತ್ತೆಂಟರಲ್ಲಿ ಸಿನೆಮಾದವರು ಕಾಸರಕೋಡಿನ ದಂಡೆಗೆ ಬಂದರು. ಹರಾಜು ಕೂಗುತ್ತಿದ್ದವನನ್ನು ಕಂಡ ನಿರ್ದೇಶಕ ನಾಯಕಿಯ ಅಪ್ಪನ ಪಾತ್ರ ಕೊಟ್ಟ. ಮಗಳನ್ನು ಹೊರಹಾಕಿದ ಬೀಗರೆದುರು ಅಪ್ಪ ಆಡುವ ಉದ್ದನೆಯ ಮಾತು ಅದರಲ್ಲಿತ್ತು. ರಮಾನಂದ ಹೇಳಿ ಮುಗಿಸಿದಾಗ ಲೈಟು ಹಿಡಿದವರ ಕಣ್ಣೂ ಒದ್ದೆ. "ನಿಮ್ಮ ದನಿ ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡ್ತೇವೆ, ಬೆಂಗಳೂರಿಗೆ ಕರೆಸ್ತೇವೆ" ಎಂದು ಹೋದರು.

ಇವನು ಕಾದ. ಗಂಟಲು ಕೆಡುತ್ತದೆಂದು ಆ ವರ್ಷ ನಾಟಕ ಒಪ್ಪಿಕೊಳ್ಳಲಿಲ್ಲ. ಸದಾ ಎಲೆಯಡಿಕೆಯ ಕವಳ ಹಾಕುವವನು ಕವಳ ಬಿಟ್ಟ. "ನಾ ಸತ್ ಮೇಲೂ ನನ್ ದನಿ ಉಳೀತದೆ ಮಾರಾಯಾ" ಎಂದು ನನಗೆ ಹೇಳಿದ. ಅದೊಂದೇ ಆಸೆ.

ಕರೆ ಬರಲಿಲ್ಲ, ಸಿನೆಮಾವೇ ಬಂತು. ಟೆಂಪೋ ಮಾಡಿಕೊಂಡು ಊರಿಗೆ ಊರೇ ಕುಮಟೆಯ ಟಾಕೀಸಿಗೆ ಹೋಯಿತು. ಪರದೆಯ ಮೇಲೆ ರಮಾನಂದನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು, ಬಾಯಿ ತೆರೆಯಿತು, ಒಳಗಿನಿಂದ ಇನ್ನಾರದೋ ದನಿ ಬಂತು. ಬೆಂಗಳೂರಿನ ಯಾವನದೋ, ಎಣ್ಣೆ ಹಚ್ಚಿ ಬಾಚಿದಂಥ ದನಿ. ನಮ್ಮ ಕಡೆಯ ಧಾಟಿ ನಡೆಯುವುದಿಲ್ಲವೆಂದು ಬದಲಿಸಿದ್ದರಂತೆ.

"ಇದ್ಯಾರ ದನಿ?" ಎಂದು ಅವನ ಹೆಂಡತಿ ಪರಮೇಶ್ವರಿ ಕೇಳಿದಳು. "ಸುಮ್ನಿರೆ, ಕೇಳ್ಸುದಿಲ್ಲ" ಎಂದು ಹಿಂದಿನವರು ಗದರಿಸಿದರು. ಹೊಟ್ಟೆ ಉರಿಯುವುದು ಇದಕ್ಕೇ. ವರ್ಷಗಟ್ಟಲೆ ಅವನನ್ನು ಕೇಳಿದ ಕಿವಿಗಳಿಗೆ ಏನೂ ಗೊತ್ತಾಗಲಿಲ್ಲ. ಸೀಟಿ ಹೊಡೆದರು, ಅತ್ತರು. ಮರುದಿನ ಬಂದರಿನಲ್ಲಿ ಮೀನು ಕೊಳ್ಳುವ ಗಣಪಿ, "ಎಷ್ಟ್ ಚಂದ ಮಾತಾಡ್ದೆ ರಮಾನಂದಣ್ಣ" ಎಂದಳು.

"ಅದು ನಾನಲ್ಲ ಮಾರಾಯ್ತಿ."

"ಸಿನೆಮಾ ಮಾಡಿದ್ ಮೇಲೆ ಎಂತಾ ದೊಡ್ಡಸ್ತಿಕೆ ನೋಡು" ಎಂದು ನಕ್ಕಳು.

ಆಮೇಲೆ ಇನ್ನೊಂದು ಸಿನೆಮಾದವರು ಕರೆದು ಮೂಕನ ಪಾತ್ರ ಕೊಟ್ಟರು. ಊರ ನಾಟಕಕ್ಕೆ ಮರಳಿದರೆ, ಆಟದ ನಡುವೆ ಸಿನೆಮಾದಲ್ಲಿ ಬೀಗರಿಗೆ ಹೇಳಿದ ಮಾತು ಹೇಳಲೇಬೇಕೆಂದು ಜನರ ಹಠ. ಹೇಳಿದರೆ "ಸಿನೆಮಾದ ಹಾಂಗೆ ಹೇಳಾ" ಎಂದು ಕೂಗು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರೆ. ಕೋಣ ಪಾಪ, ಹೀಗೆ ಬಾರಿಸು ಎಂದು ಕಿನ್ನರಿಯವನಿಗೆ ಕಲಿಸಲು ಹೋಗುವುದಿಲ್ಲ.

ಎರಡು ಸಾವಿರದ ಮೂರರಲ್ಲಿ ಭಟ್ಕಳದ ಸಂಘವೊಂದು ಅವನಿಗೆ ಸನ್ಮಾನ ಇಟ್ಟಿತು. ಶಾಲು, ಹಣ್ಣಿನ ಬುಟ್ಟಿ, ಹೊಗಳಿ ಅಟ್ಟಕ್ಕೇರಿಸುವ ಭಾಷಣ. ಸಂಘದ ಕಾರ್ಯದರ್ಶಿ ನರೇಶ ಸಿನೆಮಾದ ಆ ಮಾತನ್ನು ಕ್ಯಾಸೆಟ್ಟಿಗೆ ಇಳಿಸಿ ತಂದಿದ್ದ.

"ನೀವು ಎಂತದೂ ಹೇಳೂದ್ ಬೇಡ ರಮಾನಂದಣ್ಣ. ಬಾಯಿ ಆಡ್ಸಿದ್ರೆ ಸಾಕು, ಜನಕ್ಕೆ ಖುಷಿ ಆಗ್ತದೆ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

"ಆತು" ಎಂದ ರಮಾನಂದ.

ನಾನು ಎಂದಿನಂತೆ ಪರದೆಯ ಪಕ್ಕ ಇದ್ದೆ. ಕ್ಯಾಸೆಟ್ಟು ಶುರುವಾಯಿತು. ರಮಾನಂದನ ಕುತ್ತಿಗೆಯ ನರ ಉಬ್ಬಿದ್ದು ಕಂಡಾಗ ಗೊತ್ತಾಯಿತು, ಅವನು ಬಾಯಿ ಆಡಿಸುತ್ತಿಲ್ಲ, ನಿಜವಾಗಿ ಹೇಳುತ್ತಿದ್ದಾನೆ, ಇದ್ದ ದನಿಯಷ್ಟನ್ನೂ ಹಾಕಿ. ಲೌಡ್‌ಸ್ಪೀಕರಿನ ಅಬ್ಬರದ ಅಡಿಯಲ್ಲಿ ಅದು ನನಗೊಬ್ಬನಿಗೇ ಕೇಳುತ್ತಿತ್ತು. ಎಷ್ಟು ಸರಿಯಾಗಿ ಬಾಯಿ ಆಡಿಸುತ್ತಾನೆಂದು ಜನ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಕ್ಯಾಸೆಟ್ಟು ನಿಂತಿತು. ಕತ್ತಲೆಯಲ್ಲಿ ಉಳಿದದ್ದು ರಮಾನಂದನ ದನಿ, ನಮ್ಮ ಕಡೆಯ ಧಾಟಿಯದು, ಕಡೆಯ ಸಾಲು ದಾಟಿ ರಸ್ತೆಗೂ ಮುಟ್ಟುವಂಥದ್ದು. ಈಗಲಾದರೂ ಕೇಳುತ್ತಾರೆ ಎಂದುಕೊಂಡೆ.

ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ. "ಕ್ಯಾಸೆಟ್ ಹಾಕ್ರಾ" ಎಂದು ಯಾರೋ ಕೂಗಿದರು. ಇವನು ನಿಲ್ಲಿಸಲಿಲ್ಲ. ನರೇಶ ಬ್ಯಾಟರಿ ಹಿಡಿದು ವೇದಿಕೆ ಹತ್ತಿ, ಅವನ ಭುಜ ಮುಟ್ಟಿ ಮೆತ್ತಗೆ, "ಸ್ವಲ್ಪ ತಡೀರಿ, ಕರೆಂಟ್ ಬರ್ಲಿ" ಎಂದ.

ರಮಾನಂದ ಅರ್ಧಕ್ಕೇ ಮಾತು ಬಿಟ್ಟು, ಶಾಲು ಸರಿಮಾಡಿಕೊಂಡು ನಿಂತ. ಕರೆಂಟು ಬಂತು. ಬೆಂಗಳೂರಿನವನ ದನಿ ನಿಂತಲ್ಲಿಂದ ಹೊರಟಿತು. ರಮಾನಂದ ಬಾಯಿ ಆಡಿಸಿದ. ನಾನು ಕಿವಿಗೊಟ್ಟೆ. ಈ ಸಲ ಒಳಗೆ ಏನೂ ಇರಲಿಲ್ಲ.