ಸೇವಂತಿಗೆಯ ಕುಡಿ

ಜಯಲಕ್ಷ್ಮಿಪುರಂನ ನಮ್ಮ ಹಳೆಯ ಮನೆಯಲ್ಲಿ ಸೇವಂತಿಗೆ ಗಿಡಗಳು ಗೇಣುದ್ದ ಬೆಳೆದೊಡನೆ ಅಪ್ಪ ಅವುಗಳ ತುದಿ ಚಿವುಟಿಹಾಕುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದಲೇ ಅಮ್ಮ ಕೂಗುತ್ತಿದ್ದಳು: "ಮೂರು ಹೆಣ್ಮಕ್ಕಳಿರೋ ಮನೇಲಿ ಕುಡಿ ಚಿವುಟಬೇಡ್ರೀ ಅಂತ ಎಷ್ಟು ಸಲ ಹೇಳ್ಲಿ?" ಅಮ್ಮನ ಬಾಯಲ್ಲಿ ಕುಡಿ ಎಂದರೆ ಗಿಡದ ಚಿಗುರೂ ಹೌದು, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಹೌದು. ಅಪ್ಪ ನಗುತ್ತಿದ್ದರು. "ತುದಿ ಹೋದ್ರೇನೇ ಪಕ್ಕದ್ದು ಚಿಗುರೋದು ಕಣೇ." ದೀಪಾವಳಿಯ ಹೊತ್ತಿಗೆ ಗಿಡಗಳು ಪೊದೆಯಾಗಿ ಮೈತುಂಬ ಹಳದಿ ಹೂ ಬಿಡುತ್ತಿದ್ದವು. ಅದನ್ನು ಮುಡಿಯುವಾಗ ಮಾತ್ರ ಅಮ್ಮನಿಗೆ ಯಾವ ತಕರಾರೂ ಇರುತ್ತಿರಲಿಲ್ಲ.

ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ. ಗಿಡದ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ಹುಟ್ಟಿ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವವರೆಗೂ ಪಕ್ಕದ ಮೊಗ್ಗುಗಳು ತೆಪ್ಪಗಿರುತ್ತವೆ. ತುದಿ ಹೋಯಿತೋ, ಎಲ್ಲವೂ ಎದ್ದು ಕೂರುತ್ತವೆ.

ಅಪ್ಪ ಈಗಿಲ್ಲ. ಮೊನ್ನೆ ಅಮ್ಮ, ತಂಗಿಯರಿಬ್ಬರೂ ಗೋಕುಲಂನ ನನ್ನ ಮನೆಗೆ ಬಂದಿದ್ದಾಗ, ಸೇವಂತಿಗೆ ಕುಂಡಗಳ ಮುಂದೆ ಅಮ್ಮನನ್ನು ಕೂರಿಸಿ ಕುಡಿ ಚಿವುಟಿದೆ. ಬೆರಳಿಗೆ ಅಂಟಿದ ಆ ಕಟು ಘಮಕ್ಕೆ ಅಪ್ಪನೇ ಪಕ್ಕಕ್ಕೆ ಬಂದು ನಿಂತಂತಾಯಿತು. ಅಮ್ಮನಿಗೆ ಆಕ್ಸಿನ್ ವಿಷಯ ವಿವರಿಸತೊಡಗಿದೆ. ನಡುವೆ ಬಾಯಿ ಹಾಕಿದ ಚಿಕ್ಕ ತಂಗಿಯನ್ನು "ನಿಂಗೇನು ಗೊತ್ತು, ಸುಮ್ನಿರೇ" ಎಂದು ಗದರಿದೆ. ಚಿಕ್ಕಂದಿನಿಂದಲೂ ಮೂವರಲ್ಲಿ ನನ್ನದೇ ಮಾತು. ಹಿರಿಯವಳೆಂದ ಮೇಲೆ ಹಾಗೇ ಇರಬೇಕು.

ಅಮ್ಮ ನನ್ನ ಮುಖವನ್ನೇ ನೋಡಿದಳು.

"ಅದಕ್ಕೇ ಕಣೇ, ನಿನ್ನ ಮದುವೆ ಮಾಡಿ ಕಳಿಸಿದ ಮೇಲೇನೇ ಇವರಿಬ್ರೂ ಮನೇಲಿ ಬಾಯ್ಬಿಟ್ಟಿದ್ದು."